ಮಿಸ್ ಹೊಡೆಯುವ ಎಂಜಿನ್: ಪಾರ್ಟ್ಸ್ ಬದಲಿಸುವ ಮುನ್ನ

ಪೆಟ್ರೋಲ್ ಕಾರು ಮಿಸ್ ಹೊಡೆಯುತ್ತಿದೆ ಎಂದು ಗ್ಯಾರೇಜಿಗೆ ಒಯ್ದರೆ ಮೊದಲು ಪ್ಲಗ್ ಬದಲಾಗುತ್ತದೆ. ನಾಲ್ಕು ದಿನ ಬಿಟ್ಟು ಮತ್ತೆ ಹೋದರೆ ಇಗ್ನಿಷನ್ ಕಾಯಿಲ್. ಅದಕ್ಕೂ ಬಗ್ಗದಿದ್ದರೆ ಇಂಜೆಕ್ಟರ್ ಕ್ಲೀನಿಂಗ್, ಆಮೇಲೆ ಆಕ್ಸಿಜನ್ ಸೆನ್ಸಾರ್, ಕೊನೆಗೆ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್. ಹತ್ತು ಹದಿನೈದು ಸಾವಿರ ರೂಪಾಯಿ ಕೈಬಿಟ್ಟ ಮೇಲೂ ಸಿಗ್ನಲ್ಲಿನಲ್ಲಿ ನಿಂತಾಗ ಸ್ಟಿಯರಿಂಗ್ ನಡುಗುವುದು ನಿಂತಿರುವುದಿಲ್ಲ. ಗಾಡಿಯೇ ಸರಿಯಿಲ್ಲ, ಮಾರಿಬಿಡೋಣ ಎಂಬ ಮಾತು ಮನೆಯಲ್ಲಿ ಶುರುವಾಗುತ್ತದೆ.

ಐಡ್ಲಿಂಗ್ ಕೆಟ್ಟ ಎಂಜಿನ್ ಬಿಡಿಸಲಾಗದ ಒಗಟೇನೂ ಅಲ್ಲ. ಕ್ರಮವಾಗಿ ನೋಡುತ್ತ ಹೋದರೆ ಹೆಚ್ಚಿನ ಗಾಡಿಗಳಲ್ಲಿ ಅರ್ಧ ದಿನದೊಳಗೆ ಮೂಲ ಸಿಕ್ಕೇ ಸಿಗುತ್ತದೆ. ಕಷ್ಟ ಇರುವುದು ಬೇರೆ ಕಡೆ. ಹೊಸ ಕಾಯಿಲ್‌ಗೆ ಮೂರು ಸಾವಿರ ಕೊಡಲು ನಾವು ಹಿಂದೆಮುಂದೆ ನೋಡುವುದಿಲ್ಲ. ಎರಡು ತಾಸು ಕೂತು ದೋಷ ಹುಡುಕಿದ ಮೆಕ್ಯಾನಿಕ್ ಐನೂರು ಕೇಳಿದರೆ, ‘ಏನೂ ಹಾಕಲೇ ಇಲ್ಲವಲ್ಲ, ಯಾಕೆ ಇಷ್ಟು’ ಎನ್ನುತ್ತೇವೆ. ಹುಡುಕುವ ಕೆಲಸಕ್ಕೆ ಕೂಲಿಯೇ ಇಲ್ಲವೆಂದ ಮೇಲೆ ಹುಡುಕುವವರು ಯಾರು? ಅಂದಾಜಿನ ಮೇಲೆ ಪಾರ್ಟ್ಸ್ ಬದಲಾಗುತ್ತ ಹೋಗುತ್ತದೆ. ಹುಡುಕುವ ಕ್ರಮ ಏನು ಎಂಬುದು ಮಾಲೀಕರಿಗೂ ಗೊತ್ತಿದ್ದರೆ ಈ ಸುತ್ತಾಟದಲ್ಲಿ ಅರ್ಧ ಅಲ್ಲೇ ನಿಲ್ಲುತ್ತದೆ. ಅದಕ್ಕಾಗಿಯೇ ಈ ಬರಹ.

ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ಗೆ ಇಳಿದಾಗ ನಿಮಿಷಕ್ಕೆ ಸುಮಾರು 700ರಿಂದ 800 ಸುತ್ತು ತಿರುಗುತ್ತದೆ. ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ಮುಗಿಸುವಷ್ಟರಲ್ಲಿ ಒಂದೊಂದು ಸಿಲಿಂಡರೂ ಒಂದು ಸಲ ಉರಿಯುತ್ತದೆ. 800 ಸುತ್ತು ಎಂದು ಹಿಡಿದರೆ ಒಂದೊಂದರಲ್ಲಿ ನಿಮಿಷಕ್ಕೆ 400 ಸಲ, ನಾಲ್ಕೂ ಸೇರಿ 1600 ಸಲ. ಹೆಚ್ಚಿನ ಎಂಜಿನ್‌ಗಳಲ್ಲಿ ಉರಿಯುವ ಸರದಿ 1-3-4-2. ಸರದಿಯಲ್ಲಿ ಒಂದು ತಪ್ಪಿದರೂ ಕ್ರ್ಯಾಂಕ್ ಆ ಕ್ಷಣಕ್ಕೆ ನಿಧಾನವಾಗುತ್ತದೆ, ಎಂಜಿನ್ ತನ್ನ ರಬ್ಬರ್ ಮೌಂಟಿಂಗ್ ಮೇಲೆ ಒಮ್ಮೆ ಕುಲುಕುತ್ತದೆ, ಸೀಟಿನಲ್ಲಿ ಕೂತವರಿಗೆ ಅದು ಗೊತ್ತಾಗುತ್ತದೆ.

ಉರಿಯಬೇಕಾದರೆ ಮೂರು ಸಂಗತಿ ಕೂಡಿಬರಬೇಕು: ಸರಿಯಾದ ಹೊತ್ತಿಗೆ ಗಟ್ಟಿ ಕಿಡಿ, ಹದವಾದ ಮಿಶ್ರಣ, ಸೋರದ ಕಂಪ್ರೆಷನ್. ಹದ ಎಂದರೆ ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ. ಐಡ್ಲಿಂಗ್‌ನಲ್ಲಿ ಈ ಮೂರನ್ನೂ ಕೂಡಿಸುವುದೇ ಎಂಜಿನ್‌ಗೆ ಅತಿ ಕಷ್ಟದ ಕೆಲಸ. ಥ್ರಾಟಲ್ ಮುಕ್ಕಾಲುಮೂರುವೀಸ ಮುಚ್ಚಿರುತ್ತದೆ, ಒಳಗೆ ಬರುವ ಮಿಶ್ರಣ ಕಡಿಮೆ, ಹಿಂದಿನ ಸರದಿಯ ಹೊಗೆಯ ಪಾಲು ಹೆಚ್ಚು, ಒಂದು ಸರದಿ ತಪ್ಪಿದರೆ ಎಳೆದುಕೊಂಡು ಹೋಗುವಷ್ಟು ವೇಗವೂ ಇಲ್ಲ. ಹೈವೇಯಲ್ಲಿ 2500 ಸುತ್ತಿನಲ್ಲಿ ಮುಚ್ಚಿಹೋಗುವ ಸಣ್ಣ ದೋಷ ಸಿಗ್ನಲ್ಲಿನಲ್ಲಿ 750ಕ್ಕೆ ಇಳಿದಾಗ ಬಯಲಾಗುವುದು ಇದರಿಂದಲೇ.

ಎಲ್ಲಕ್ಕೂ ಮೊದಲು, ಎಂಜಿನ್ ನಿಜವಾಗಿಯೂ ಮಿಸ್ ಹೊಡೆಯುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ರಬ್ಬರ್ ಹರಿದ ಎಂಜಿನ್ ಮೌಂಟಿಂಗ್ ಕೂಡ ಇದೇ ರೀತಿ ಗಾಡಿಯನ್ನು ನಡುಗಿಸುತ್ತದೆ. ಎಸಿ ಹಾಕಿದಾಗ, ಆಟೊಮ್ಯಾಟಿಕ್ ಗಾಡಿಯಾದರೆ ‘ಡಿ’ಯಲ್ಲಿಟ್ಟು ಬ್ರೇಕ್ ಒತ್ತಿದಾಗ ನಡುಕ ಜಾಸ್ತಿಯಾಗಿ, ಆರ್‌ಪಿಎಂ ಮುಳ್ಳು ಮಾತ್ರ ಕದಲದೆ ನಿಂತಿದ್ದರೆ ಮೊದಲು ಮೌಂಟಿಂಗ್ ನೋಡಿ. ಮೂರು ಸಿಲಿಂಡರಿನ ಗಾಡಿಗಳಿಗೆ ಹುಟ್ಟಿನಿಂದಲೇ ಸ್ವಲ್ಪ ನಡುಕ ಇರುತ್ತದೆ. ಹಳೆಯ ಮಾರುತಿ 800 ಇದ್ದವರಿಗೆ ಅದು ಗೊತ್ತು. ಇಂದಿನ ಆಲ್ಟೊ ಕೆ10, ಟಿಯಾಗೊಗಳಲ್ಲೂ ಮೂರೇ ಸಿಲಿಂಡರ್. ನಾಲ್ಕು ಸಿಲಿಂಡರಿನ ಕಾರಿನಿಂದ ಇವುಗಳಿಗೆ ಬಂದವರು ಮೊದಲ ವಾರ ಗಾಬರಿಯಾಗುವುದುಂಟು. ಗಾಬರಿ ಬೇಡ.

ಗುರುತಿಸಲು ಒಂದು ಹಳೆಯ, ಖರ್ಚಿಲ್ಲದ ಪರೀಕ್ಷೆ ಇದೆ. ಎಂಜಿನ್ ಓಡುತ್ತಿರುವಾಗ ಸೈಲೆನ್ಸರ್ ಬಾಯಿಯಿಂದ ಒಂದು ಗೇಣು ಹಿಂದೆ ಕಾಗದದ ಚೂರು ಹಿಡಿಯಿರಿ. ಆರೋಗ್ಯವಂತ ಎಂಜಿನ್ ಕಾಗದವನ್ನು ಒಂದೇ ಸಮನೆ ಹೊರಕ್ಕೆ ತಳ್ಳುತ್ತದೆ. ಮಿಸ್ ಇದ್ದರೆ ತಳ್ಳುವುದರ ನಡುವೆ ‘ಪುಕ್’ ಎಂದು ತಡೆ ಬರುತ್ತದೆ. ಆ ತಡೆ ತಾಳ ಹಾಕಿದಂತೆ ಒಂದೇ ಅಂತರದಲ್ಲಿ ಬಂದರೆ ದೋಷ ಯಾವುದೋ ಒಂದು ಸಿಲಿಂಡರಿನದು. ಲೆಕ್ಕಕ್ಕೆ ಸಿಗದಂತೆ ಆಗೊಮ್ಮೆ ಈಗೊಮ್ಮೆ ಬಂದರೆ ಎಲ್ಲ ಸಿಲಿಂಡರಿಗೂ ಸಾಮಾನ್ಯವಾದ ಗಾಳಿ, ಪೆಟ್ರೋಲ್ ಅಥವಾ ಸೆನ್ಸಾರ್ ಕಡೆ ನೋಡಬೇಕು. ಕಾಗದ ಒಮ್ಮೊಮ್ಮೆ ಒಳಕ್ಕೆ ಎಳೆಯಲ್ಪಟ್ಟರೆ ಎಕ್ಸಾಸ್ಟ್ ವಾಲ್ವ್ ಮೇಲೆ ಅನುಮಾನ ಪಡಬಹುದು.

ಇದಾದ ಮೇಲೆ ಬಾನೆಟ್ ಎತ್ತುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ, ಯಾವಾಗ? ಬೆಳಗ್ಗೆ ತಣ್ಣಗಿದ್ದಾಗ ಮಾತ್ರವೇ, ಬಿಸಿಯಾದ ಮೇಲೋ? ನಿಂತಾಗಲೋ, ಘಾಟಿ ಹತ್ತುವಾಗಲೋ? ಮಳೆ ಬಂದ ಮರುದಿನವೇ? ಸಿಎನ್‌ಜಿಯಲ್ಲಿ ಮಾತ್ರವೇ, ಪೆಟ್ರೋಲಿಗೆ ಬದಲಿಸಿದರೂ ಇದೆಯೇ? ಬಂಕ್ ಬದಲಿಸಿ ಪೆಟ್ರೋಲ್ ತುಂಬಿಸಿದ ಮೇಲೆ ಶುರುವಾಯಿತೇ? ಇದಕ್ಕೆಲ್ಲ ಉತ್ತರ ಕೊಡಬಲ್ಲವರು ಮಾಲೀಕರೊಬ್ಬರೇ. ಗ್ಯಾರೇಜಿಗೆ ಹೋದವರು ‘ಗಾಡಿ ಒಂಥರಾ ಆಗಿದೆ, ನೋಡಿ’ ಎಂದು ಕೀ ಕೊಟ್ಟು ಬಂದರೆ ಮೆಕ್ಯಾನಿಕ್ ಕುರುಡಾಗಿ ಶುರುಮಾಡಬೇಕಾಗುತ್ತದೆ.

ಈ ಉತ್ತರಗಳಿಂದಲೇ ಅರ್ಧ ದಾರಿ ಸವೆಯುತ್ತದೆ. ನಿಂತಾಗ ಕೆಟ್ಟು, ಓಡುವಾಗ ಚೆನ್ನಾಗಿದ್ದರೆ ಎಲ್ಲೋ ಗಾಳಿ ಸೋರುತ್ತಿರಬೇಕು, ಇಲ್ಲವೇ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿರಬೇಕು, ಅಥವಾ ಹೊಗೆಯ ಒಂದು ಪಾಲನ್ನು ಮತ್ತೆ ಒಳಕ್ಕೆ ಬಿಡುವ ಇಜಿಆರ್ ವಾಲ್ವ್ ತೆರೆದೇ ಉಳಿದಿರಬೇಕು. ನಿಂತಾಗ ಚೆನ್ನಾಗಿದ್ದು, ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಹತ್ತುವಾಗ ಜರ್ಕ್ ಹೊಡೆದರೆ ಕಿಡಿಯ ಬಲ ಸಾಲದು ಅಥವಾ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಸಿಲಿಂಡರಿನ ಒತ್ತಡ ಏರುತ್ತದೆ, ಒತ್ತಡ ಏರಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ದುರ್ಬಲ ಕಾಯಿಲ್ ಸೋಲುವುದು ಅಲ್ಲಿ. ಗ್ಯಾಸ್ ಹೊತ್ತಿಸಲು ಪೆಟ್ರೋಲಿಗಿಂತ ಬಲವಾದ ಕಿಡಿ ಬೇಕಾಗುವುದರಿಂದ ಸಿಎನ್‌ಜಿ ಗಾಡಿಯಲ್ಲಿ ಸವೆದ ಪ್ಲಗ್ ಮೊದಲು ಗ್ಯಾಸ್‌ನಲ್ಲೇ ಮಿಸ್ ಹೊಡೆಯುತ್ತದೆ.

ಡ್ಯಾಶ್‌ಬೋರ್ಡಿನ ಎಂಜಿನ್ ದೀಪದ ವಿಷಯವನ್ನು ಒತ್ತಿ ಹೇಳಬೇಕು. ಒಂದೇ ಸಮನೆ ಉರಿಯುತ್ತಿದ್ದು, ಆಯಿಲ್ ದೀಪ, ಬಿಸಿಯ ಮುಳ್ಳು ಸರಿಯಾಗಿದ್ದರೆ ನಿಧಾನವಾಗಿ ಗ್ಯಾರೇಜಿನವರೆಗೆ ಓಡಿಸಬಹುದು. ಮಿಣುಕತೊಡಗಿದರೆ ಕಾಲು ಸಡಿಲಿಸಿ, ಆದಷ್ಟು ಬೇಗ ಬದಿಗೆ ನಿಲ್ಲಿಸಿ. ಉರಿಯದೆ ಹೊರಬಿದ್ದ ಪೆಟ್ರೋಲ್ ಸೈಲೆನ್ಸರ್ ಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಅದರ ಸೆರಾಮಿಕ್ ಜಾಲರಿ ಆ ಶಾಖಕ್ಕೆ ಕರಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಹೊಗೆಗೆ ಹೋಗಲು ದಾರಿಯಿಲ್ಲ, ಗಾಡಿಗೆ ಪಿಕಪ್ ಇಲ್ಲ. ನೂರಿನ್ನೂರು ರೂಪಾಯಿಯ ಪ್ಲಗ್ಗಿನ ದೋಷ ಹತ್ತಾರು ಸಾವಿರದ ಕನ್ವರ್ಟರನ್ನು ತಿನ್ನುವುದು ಹೀಗೆ. ಊರು ಇನ್ನು ಇಪ್ಪತ್ತೇ ಕಿಲೋಮೀಟರ್, ಹೋಗಿಬಿಡೋಣ ಎನ್ನಬೇಡಿ.

ದೀಪದ ಹಿಂದಿನ ವ್ಯವಸ್ಥೆ ಒಬಿಡಿ. ಅಮೆರಿಕದಲ್ಲಿ ಅದರ ಎರಡನೆಯ ಪೀಳಿಗೆ 1996ರಿಂದ ಕಡ್ಡಾಯವಾಯಿತು. ನಮ್ಮಲ್ಲಿ ಬಿಎಸ್-4 ನಿಯಮದಡಿ 2010ರಲ್ಲಿ ಮೊದಲ ಹಂತ, 2013ರಲ್ಲಿ ಎರಡನೆಯದು ಬಂತು. ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಅದಕ್ಕೆ ಸ್ಕ್ಯಾನರ್ ಚುಚ್ಚಿದರೆ ಕೋಡ್ ಸಿಗುತ್ತದೆ. ಪಿ0300 ಎಂದರೆ ಯಾವುದೆಂದು ಗೊತ್ತಿಲ್ಲದೆ ಅಲ್ಲಲ್ಲಿ ಮಿಸ್. ಪಿ0301ರಿಂದ ಪಿ0304ರವರೆಗೆ ಕೊನೆಯ ಅಂಕಿಯೇ ಸಿಲಿಂಡರಿನ ಸಂಖ್ಯೆ.

ಎಂಜಿನ್ ನಡೆಸುವ ಕಂಪ್ಯೂಟರ್ ಮಿಸ್ ಪತ್ತೆಹಚ್ಚುವ ಬಗೆ ಸೊಗಸಾಗಿದೆ. ಕ್ರ್ಯಾಂಕಿಗೆ ಜೋಡಿಸಿದ ಒಂದು ಹಲ್ಲಿನ ಚಕ್ರ ಇರುತ್ತದೆ. ಬಹಳಷ್ಟು ಗಾಡಿಗಳಲ್ಲಿ 60 ಹಲ್ಲಿನ ಜಾಗದಲ್ಲಿ ಎರಡನ್ನು ಬಿಟ್ಟು 58 ಹಲ್ಲು. ಪಕ್ಕದಲ್ಲಿರುವ ಸೆನ್ಸಾರ್ ಮುಂದೆ ಒಂದೊಂದು ಹಲ್ಲು ದಾಟಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಕಂಪ್ಯೂಟರ್ ಅಳೆಯುತ್ತಲೇ ಇರುತ್ತದೆ. ಸಿಲಿಂಡರ್ ಉರಿದಾಗ ಹಲ್ಲುಗಳು ಒಂದಿಷ್ಟು ಚುರುಕಾಗಿ ದಾಟಬೇಕು. ದಾಟದಿದ್ದರೆ ಆ ಹೊತ್ತಿನ ಸರದಿ ಯಾವ ಸಿಲಿಂಡರಿನದೋ ಅದರ ಲೆಕ್ಕಕ್ಕೆ ಒಂದು ತಪ್ಪು ಬರೆದುಕೊಳ್ಳುತ್ತದೆ. ಅಂದರೆ ಕಂಪ್ಯೂಟರ್ ನೋಡಿದ್ದು ವೇಗದ ಏರಿಳಿತವನ್ನು. ಕಿಡಿ ಹೋಯಿತೇ, ಪೆಟ್ರೋಲ್ ಹೋಯಿತೇ ಎಂಬುದು ಅದಕ್ಕೆ ತಿಳಿಯದು. ತೀರಾ ಗುಂಡಿ ಬಿದ್ದ ರಸ್ತೆಯಲ್ಲಿ ಚಕ್ರಗಳ ಕುಲುಕಾಟ ಕ್ರ್ಯಾಂಕಿನವರೆಗೂ ಮುಟ್ಟಿ ಸುಳ್ಳು ಮಿಸ್ ದಾಖಲಾಗುವುದೂ ಇದೆ. ಅದನ್ನು ತಪ್ಪಿಸಲು ಕೆಲವು ಕಂಪನಿಗಳು ಎಬಿಎಸ್‌ನ ಚಕ್ರದ ಸೆನ್ಸಾರಿನಿಂದಲೂ ಸುಳಿವು ಪಡೆಯುತ್ತವೆ. ಹೀಗಾಗಿ ಕೋಡ್ ಎನ್ನುವುದು ಠಾಣೆಗೆ ಬಂದ ದೂರು ಮಾತ್ರ, ತನಿಖೆ ಇನ್ನೂ ಆಗಬೇಕು. ಪಿ0302 ಬಂದ ಕೂಡಲೇ ಎರಡನೆಯ ಕಾಯಿಲ್ ತೆಗೆದು ಹೊಸದು ಹಾಕುವುದು ತನಿಖೆಯಲ್ಲ.

ಆ ತನಿಖೆ ಬಹಳ ಸುಲಭ. ಒಂದೊಂದು ಪ್ಲಗ್ಗಿಗೂ ಒಂದೊಂದು ಕಾಯಿಲ್ ಇರುವ ಗಾಡಿಯಾದರೆ ಎಂಜಿನ್ ನಿಲ್ಲಿಸಿ ಎರಡನೆಯ ಕಾಯಿಲನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿ, ಕೋಡ್ ಅಳಿಸಿ, ಒಂದು ಸುತ್ತು ಓಡಿಸಿ. ಮತ್ತೆ ಬಂದದ್ದು ಪಿ0303 ಆದರೆ ದೋಷ ಕಾಯಿಲ್ ಜತೆ ಹೋಯಿತು, ಕಾಯಿಲ್ ಕೆಟ್ಟಿದೆ. ಪಿ0302 ಎಂದೇ ಬಂದರೆ ಕಾಯಿಲ್ ನಿರಪರಾಧಿ. ಇದೇ ರೀತಿ ಪ್ಲಗ್ ಅದಲುಬದಲು ಮಾಡಿ, ಆಮೇಲೆ ಇಂಜೆಕ್ಟರ್. ಒಂದು ಪೈಸೆ ಖರ್ಚಿಲ್ಲ. ಕೆಲವು ಗಾಡಿಗಳಲ್ಲಿ ಎರಡು ಸಿಲಿಂಡರಿಗೆ ಒಂದೇ ಕಾಯಿಲ್ ಇರುತ್ತದೆ: 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. 1 ಮತ್ತು 4 ಒಟ್ಟಿಗೇ ಮಿಸ್ ಹೊಡೆದರೆ ಆ ಜೋಡಿಯ ಕಾಯಿಲ್ ಮೇಲೆಯೇ ಮೊದಲ ಅನುಮಾನ.

ಕೆಲವರು ಓಡುತ್ತಿರುವ ಎಂಜಿನ್‌ನಲ್ಲಿ ಪ್ಲಗ್ ವೈರ್ ಒಂದೊಂದಾಗಿ ಕಿತ್ತು ಯಾವುದನ್ನು ಕಿತ್ತಾಗ ವ್ಯತ್ಯಾಸ ಬರುವುದಿಲ್ಲ ಎಂದು ನೋಡುತ್ತಾರೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದಲ್ಲಿ ಅದು ನಡೆಯುತ್ತಿತ್ತು. ಇಂದು ಮಾಡಬಾರದು. 20,000 ವೋಲ್ಟ್ ದಾಟುವ ಕರೆಂಟ್ ಕೈಗೆ ಹೊಡೆಯುತ್ತದೆ, ಕಾಯಿಲ್ ಮತ್ತು ಕಂಪ್ಯೂಟರಿಗೂ ಪೆಟ್ಟು, ಉರಿಯದ ಪೆಟ್ರೋಲ್ ಕನ್ವರ್ಟರಿಗೆ. ಅದರ ಬದಲು ಇಂಜೆಕ್ಟರಿನ ಕನೆಕ್ಟರ್ ತೆಗೆದರೆ ಸಾಕು. ಪೆಟ್ರೋಲೇ ನಿಲ್ಲುವುದರಿಂದ ಅಪಾಯ ಕಡಿಮೆ. ಯಾವುದನ್ನು ತೆಗೆದಾಗ ಆರ್‌ಪಿಎಂ ಬೀಳುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿರಲಿಲ್ಲ. ಇಂಜೆಕ್ಟರ್ ತೆರೆದು ಮುಚ್ಚುತ್ತಿದೆಯೇ ಎಂದು ತಿಳಿಯಲು ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಅದರ ಮೇಲಿಟ್ಟು ಹಿಡಿಗೆ ಕಿವಿಗೊಟ್ಟರೆ ‘ಟಿಕ್ ಟಿಕ್ ಟಿಕ್’ ಕೇಳುತ್ತದೆ. ಒಂದರಲ್ಲಿ ಮಾತ್ರ ಮೌನವಿದ್ದರೆ ವೈರಿಂಗ್ ನೋಡಿ, ಆಮೇಲೆ ಇಂಜೆಕ್ಟರ್.

ಬಿಚ್ಚಿದ ಪ್ಲಗ್ಗನ್ನು ಒರೆಸಿ ಬಿಸಾಡಬೇಡಿ. ಅದನ್ನು ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯ ಮೆಕ್ಯಾನಿಕ್‌ನ ಲಕ್ಷಣ. ತುದಿಯ ಬಿಳಿ ಪಿಂಗಾಣಿ ತಿಳಿ ಕಂದು ಅಥವಾ ಬೂದು ಬಣ್ಣಕ್ಕಿದ್ದರೆ ಆ ಸಿಲಿಂಡರ್ ಸುಖವಾಗಿದೆ. ಕೈಗೆ ಹತ್ತುವ ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಅಥವಾ ಕಿಡಿ ಕಡಿಮೆ. ಜಿಡ್ಡುಜಿಡ್ಡಾಗಿ ಕಪ್ಪಗಿದ್ದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ. ಸುಣ್ಣ ಬಳಿದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ಪೆಟ್ರೋಲ್ ಸಾಲದೆ ಅತಿ ಶಾಖವಾಗಿದೆ. ಪಿಂಗಾಣಿಯ ಮೇಲೆ ಪೆನ್ಸಿಲಿನಲ್ಲಿ ಗೀಚಿದಂಥ ಸಣ್ಣ ಕಪ್ಪು ಗೆರೆ ಕಂಡರೆ ಕಿಡಿ ತನ್ನ ಜಾಗ ಬಿಟ್ಟು ಆ ಗೆರೆಯ ದಾರಿ ಹಿಡಿದು ಬಾಡಿಗೆ ಹೋಗುತ್ತಿತ್ತು. ನಾಲ್ಕೂ ಪ್ಲಗ್ ಸಾಲಾಗಿಟ್ಟು ಹೋಲಿಸಿದರೆ ಬೇರೆಯಾದದ್ದು ತಾನೇ ಕಾಣುತ್ತದೆ. ಎಲೆಕ್ಟ್ರೋಡಿನ ಅಂತರ ಸಾಮಾನ್ಯವಾಗಿ 0.8ರಿಂದ 1.1 ಮಿಲಿಮೀಟರ್, ನಿಮ್ಮ ಗಾಡಿಯದು ಎಷ್ಟು ಎಂದು ಕೈಪಿಡಿಯಲ್ಲಿ ಇರುತ್ತದೆ. ನಮ್ಮಲ್ಲಿ ಒಂದು ಕಾಲಕ್ಕೆ ಪ್ಲಗ್ ಎಂದರೆ ಮೈಕೋ ಪ್ಲಗ್. 1951ರಲ್ಲಿ ಶುರುವಾಗಿ ಈಗ ಬಾಷ್ ಎಂದು ಹೆಸರು ಬದಲಿಸಿಕೊಂಡಿರುವ ಮೈಕೋದ ಆಡುಗೋಡಿ ಕಾರ್ಖಾನೆಯಲ್ಲಿ ದುಡಿದವರ ಮನೆಗಳು ಬೆಂಗಳೂರಿನಲ್ಲಿ ಇಂದಿಗೂ ಬೇಕಾದಷ್ಟಿವೆ. ಆ ಪೀಳಿಗೆಯವರು ಪ್ಲಗ್ಗಿನ ಬಣ್ಣ ನೋಡಿಯೇ ಗಾಡಿಯ ಸ್ಥಿತಿ ಹೇಳುತ್ತಿದ್ದರು.

ಮಲೆನಾಡು, ಕರಾವಳಿಯವರು ಇನ್ನೊಂದು ವಿಷಯ ಗಮನಿಸಬೇಕು. ಪ್ಲಗ್ ಕೂರುವ ಗುಂಡಿಯೊಳಗೆ ಮಳೆನೀರೋ, ವಾಟರ್ ಸರ್ವೀಸಿನ ನೀರೋ ಇಳಿದು ನಿಂತರೆ ಕಾಯಿಲಿನ ರಬ್ಬರ್ ಬೂಟ್ ಒಳಗೇ ಕಿಡಿ ಸೋರುತ್ತದೆ. ಮೊನ್ನೆ ತೊಳೆಸಿದೆ, ಅವತ್ತಿನಿಂದ ಮಿಸ್ ಎಂದರೆ ಮೊದಲು ಕಾಯಿಲ್ ಎತ್ತಿ ಗುಂಡಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ವಾಲ್ವ್ ಕವರ್ ಪ್ಯಾಕಿಂಗ್ ಹೋಗಿ ಅಲ್ಲಿ ಆಯಿಲ್ ತುಂಬಿರುವುದೂ ಸಾಮಾನ್ಯ. ಜತೆಗೆ ಇಲಿ. ಅಡಿಕೆ ತೋಟದ ಮನೆಯ ಶೆಡ್ ಇರಲಿ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇರಲಿ, ನಾಲ್ಕು ದಿನ ನಿಂತ ಗಾಡಿಯ ಇಂಜೆಕ್ಟರ್ ವೈರನ್ನು ಇಲಿ ಕಡಿಯುತ್ತದೆ. ಹೊರಗಿನ ಪ್ಲಾಸ್ಟಿಕ್ ತೋಳು ಸರಿಯಿದ್ದು ಒಳಗೆ ಒಂದೇ ಎಳೆ ತುಂಡಾಗಿರುವುದುಂಟು. ಕಣ್ಣಿಗೆ ಕಾಣದಿದ್ದರೆ ಬೆರಳಿಂದ ಸವರಿಕೊಂಡು ಹೋಗಬೇಕು.

ಒಂದು ಸಿಲಿಂಡರಿನದಲ್ಲದ ದೋಷ ಇನ್ನೂ ತಾಳ್ಮೆ ಕೇಳುತ್ತದೆ. ಹಾಸನದಲ್ಲಿರುವ ನಮ್ಮ ಭಾವನ ನಾಲ್ಕು ಸಿಲಿಂಡರಿನ ಸೆಡಾನ್ ಇಂಥದ್ದೇ. ನಿಂತಾಗ ನಡುಗುತ್ತಿತ್ತು, ಓಡಿಸಿದರೆ ಏನೂ ಇಲ್ಲ. ಮೊದಲ ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿತು. ಸ್ಕ್ಯಾನರಿನಲ್ಲಿ ಪಿ0171, ಅಂದರೆ ಪೆಟ್ರೋಲ್ ಸಾಲುತ್ತಿಲ್ಲ ಎಂಬ ಕೋಡ್ ಬಂದದ್ದೇ ಆಕ್ಸಿಜನ್ ಸೆನ್ಸಾರೂ ಬದಲಾಯಿತು. ನಡುಕ ಹಾಗೇ ಉಳಿಯಿತು. ಕೊನೆಗೆ ಪೇಟೆಯಾಚೆ ಒಂದು ಸಣ್ಣ ಶೆಡ್ಡಿನ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆವು. ಅವರು ಕೋಡ್ ಓದಿ ಸುಮ್ಮನಾಗಲಿಲ್ಲ. ಸ್ಕ್ಯಾನರಿನಲ್ಲಿ ಫ್ಯೂಯೆಲ್ ಟ್ರಿಮ್ ಎಂಬ ಅಂಕಿ ತೆರೆದರು.

‘ಇಲ್ಲಿ ನೋಡಿ ಸಾರ್, ಸ್ಲೋನಲ್ಲಿ ಎಷ್ಟಿದೆ?’

‘ಪ್ಲಸ್ 22.’

‘ಈಗ ಎರಡೂವರೆ ಸಾವಿರಕ್ಕೆ ಎತ್ತಿ ಹಿಡೀರಿ. ಈಗ?’

‘ಪ್ಲಸ್ 4.’

‘ಹಂಗಾದ್ರೆ ಪಂಪೂ ಸರಿ ಇದೆ, ಫಿಲ್ಟರೂ ಸರಿ ಇದೆ. ಎಲ್ಲೋ ಗಾಳಿ ಎಳೀತಿದೆ.’

ಫ್ಯೂಯೆಲ್ ಟ್ರಿಮ್ ಎಂದರೆ ಕಂಪ್ಯೂಟರ್ ತನ್ನ ಮೂಲ ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಬಿಡುತ್ತಿದೆ ಎಂಬುದರ ಲೆಕ್ಕ. ಐದರ ಆಸುಪಾಸು ಇದ್ದರೆ ಚಿಂತೆಯಿಲ್ಲ, ಹತ್ತು ದಾಟಿದರೆ ನೋಡಬೇಕು. ಈ ಗಾಡಿಯಲ್ಲಿ ಒಳಬರುವ ಗಾಳಿಯನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸಾರ್ ಇತ್ತು. ಅದನ್ನು ದಾಟಿದ ಮೇಲೆ ಯಾವುದೋ ಸೀಳಿನಿಂದ ಕಳ್ಳದಾರಿಯಲ್ಲಿ ಗಾಳಿ ನುಗ್ಗಿದರೆ ಲೆಕ್ಕ ತಪ್ಪುತ್ತದೆ. ಐಡ್ಲಿಂಗ್‌ನಲ್ಲಿ ಒಟ್ಟು ಗಾಳಿಯೇ ಕಡಿಮೆ, ಆಗ ಸೋರುವ ಗಾಳಿಯ ಪಾಲು ದೊಡ್ಡದು. ಆರ್‌ಪಿಎಂ ಏರಿದಂತೆ ಆ ಪಾಲು ಲೆಕ್ಕಕ್ಕೇ ಬರುವುದಿಲ್ಲ. 22 ಇದ್ದದ್ದು 4ಕ್ಕೆ ಇಳಿದದ್ದು ಇದಕ್ಕೆ. ಅಂಕಿ ಇಳಿಯುವ ಬದಲು ಆಕ್ಸಿಲರೇಟರ್ ಒತ್ತಿದಷ್ಟೂ ಏರಿದ್ದರೆ ಪಂಪ್, ಫಿಲ್ಟರ್ ಕಡೆ ಹೋಗಬೇಕಾಗಿತ್ತು.

ಅವರು ಬ್ರೇಕ್ ಬೂಸ್ಟರಿಗೆ ಹೋಗುವ ಪೈಪಿಗೆ ಬಟ್ಟೆ ಸುತ್ತಿ ಇಕ್ಕಳದಿಂದ ಮೆಲ್ಲಗೆ ಒತ್ತಿದರು. ವ್ಯತ್ಯಾಸವಿಲ್ಲ. ಎಂಜಿನ್ ಹಿಂಬದಿಯಲ್ಲಿ ಕೈ ತೂರಿಸಿ ಎಂಜಿನ್ ಒಳಗಿನ ಹಬೆಯನ್ನು ಮತ್ತೆ ಗಾಳಿಯ ದಾರಿಗೆ ಎಳೆಯುವ ಪಿಸಿವಿ ವಾಲ್ವಿನ ಪೈಪ್ ಒತ್ತಿದಾಗ ಎಂಜಿನ್ ಸದ್ದೇ ಬದಲಾಯಿತು, ನಡುಕ ಇಳಿಯಿತು. ಬಿಚ್ಚಿ ತೋರಿಸಿದರು: ಬೆರಳಷ್ಟು ದಪ್ಪದ ರಬ್ಬರ್ ಮೊಣಕೈ ಪೈಪು, ಮೇಲಿನಿಂದ ನೋಡಿದರೆ ಹೊಸದರಂತೆ, ಕೆಳಮುಖದ ಬಾಗಿನಲ್ಲಿ ಮಾತ್ರ ಆಯಿಲ್ ಶಾಖಕ್ಕೆ ಬೆಂದು ಉಗುರಿನಷ್ಟು ಸೀಳು. ಹೊಸ ಪೈಪಿಗೆ ಕೆಲವೇ ನೂರು ರೂಪಾಯಿ. ಭಾವ ಕೊಟ್ಟ ಹೆಚ್ಚಿನ ದುಡ್ಡು ಆ ಹುಡುಕಾಟಕ್ಕೆ, ಅದು ಸಲ್ಲಬೇಕಾದದ್ದೇ.

ಮೊದಲ ಗ್ಯಾರೇಜಿನಲ್ಲಿ ಆಕ್ಸಿಜನ್ ಸೆನ್ಸಾರ್ ಯಾಕೆ ಬಲಿಯಾಯಿತು ಎಂಬುದು ಕಲಿಯಬೇಕಾದ ವಿಷಯ. ಆ ಸೆನ್ಸಾರ್ ಪೆಟ್ರೋಲನ್ನು ಅಳೆಯುವುದಿಲ್ಲ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುತ್ತದೆ. ಭಾವನ ಗಾಡಿಯಲ್ಲಿ ಅದು ಕಂಡದ್ದು ಕಳ್ಳದಾರಿಯ ಗಾಳಿಯ ಆಮ್ಲಜನಕವನ್ನು. ಕಿಡಿ ಇಲ್ಲದೆ ಒಂದು ಸಿಲಿಂಡರ್ ಉರಿಯದಿದ್ದರೂ ಅದರ ಆಮ್ಲಜನಕವೆಲ್ಲ ಹಾಗೆಯೇ ಹೊರಬರುತ್ತದೆ. ಜತೆಗೆ ಬೇಕಾದಷ್ಟು ಪೆಟ್ರೋಲೂ ಬಂದಿರುತ್ತದೆ, ಅದು ಸೆನ್ಸಾರಿಗೆ ಕಾಣದು. ಪೆಟ್ರೋಲ್ ಸಾಲದು ಎಂದು ಅದು ವರದಿ ಕೊಡುತ್ತದೆ, ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಕಂಡದ್ದನ್ನು ಕಂಡಂತೆ ಹೇಳಿದ ಸೆನ್ಸಾರನ್ನು ಕಿತ್ತು ಹಾಕುವುದರಿಂದ ಏನೂ ಸರಿಯಾಗುವುದಿಲ್ಲ. ನನ್ನ ಅನುಭವದಲ್ಲಿ ಕಾರಣವಿಲ್ಲದೆ ಬದಲಾಗುವ ಪಾರ್ಟ್ಸ್‌ಗಳಲ್ಲಿ ಇದೇ ಮೊದಲು.

ಒಂದು ಎಚ್ಚರಿಕೆ. ಅನೇಕ ಸಣ್ಣ ಕಾರುಗಳಲ್ಲಿ ಏರ್‌ಫ್ಲೋ ಸೆನ್ಸಾರ್ ಬದಲು ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸಾರ್ ಇರುತ್ತದೆ. ಅಂಥ ಗಾಡಿಯಲ್ಲಿ ಗಾಳಿ ಸೋರಿದರೆ ಒತ್ತಡ ಏರಿದ್ದನ್ನು ನೋಡಿ ಕಂಪ್ಯೂಟರ್ ಪೆಟ್ರೋಲನ್ನೂ ಏರಿಸುತ್ತದೆ. ಮಿಸ್ ಹೊಡೆಯುವ ಬದಲು ಐಡ್ಲಿಂಗ್ ತಾನಾಗಿ ಏರಿ 1200ರಲ್ಲಿ ನಿಲ್ಲಬಹುದು, ಇಲ್ಲವೇ ಏರುತ್ತ ಇಳಿಯುತ್ತ ಇರಬಹುದು. ಒಂದು ಗಾಡಿಯಲ್ಲಿ ಸಿಕ್ಕ ಉತ್ತರವನ್ನು ಇನ್ನೊಂದಕ್ಕೆ ಕುರುಡಾಗಿ ಹಚ್ಚಬಾರದು. ಸೋರಿಕೆ ಹುಡುಕಲು ಬಿಸಿ ಎಂಜಿನ್ ಮೇಲೆ ಪೆಟ್ರೋಲ್, ಕಾರ್ಬ್ ಕ್ಲೀನರ್ ಸಿಂಪಡಿಸುವ ಅಭ್ಯಾಸವೂ ಬೇಡ, ಬೆಂಕಿ ಹತ್ತುತ್ತದೆ. ಹೊಗೆ ಬಿಟ್ಟು ನೋಡುವ ಸ್ಮೋಕ್ ಮೆಷಿನ್ ಈಗ ಬಂದಿದೆ, ಅದಿರುವ ಗ್ಯಾರೇಜ್ ಹುಡುಕಿ.

ಥ್ರಾಟಲ್ ಬಾಡಿಯ ಮಸಿ ತೆಗೆಯುವುದು ಸಣ್ಣ ಕೆಲಸ, ಐಡ್ಲಿಂಗ್ ಏರಿಳಿತಕ್ಕೆ ಒಳ್ಳೆಯ ಮದ್ದು. ವೈರಿನ ಮೂಲಕ ನಡೆಯುವ ಎಲೆಕ್ಟ್ರಾನಿಕ್ ಥ್ರಾಟಲ್‌ನಲ್ಲಿ ತಟ್ಟೆಯನ್ನು ಬೆರಳಿಂದ ಬಲವಂತವಾಗಿ ತಳ್ಳಬಾರದು. ಸ್ವಚ್ಛ ಮಾಡಿದ ಮೇಲೆ ಹಲವು ಗಾಡಿಗಳಿಗೆ ಸ್ಕ್ಯಾನರಿನಿಂದ ಐಡ್ಲಿಂಗ್ ಮರುಕಲಿಕೆ ಮಾಡಿಸಬೇಕು. ಅದನ್ನು ಬಿಟ್ಟರೆ ‘ಕ್ಲೀನ್ ಮಾಡಿಸಿದ ಮೇಲೆ ಇನ್ನೂ ಕೆಟ್ಟಿತು’ ಎಂಬ ದೂರು ಬರುತ್ತದೆ.

ಈಗ ಎಲ್ಲರೂ ಕೇಳುವ ಎಥನಾಲ್ ಪ್ರಶ್ನೆ. ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಒಂದು ಪಾಲಿಗೆ ಸುಮಾರು 9 ಪಾಲು ಗಾಳಿ ಸಾಕು. ಹಾಗಾಗಿ ಇ10ರಿಂದ ಇ20ಕ್ಕೆ ಬಂದಾಗ ಎಂಜಿನ್ ಶೇ. 4ರಷ್ಟು ಹೆಚ್ಚು ಇಂಧನ ಬಿಡಬೇಕಾಗುತ್ತದೆ. ಇಂಜೆಕ್ಷನ್ ಇರುವ ಗಾಡಿಯ ಕಂಪ್ಯೂಟರಿಗೆ ಈ ತಿದ್ದುಪಡಿ ಕಷ್ಟವಲ್ಲ. ಕಾರ್ಬುರೇಟರ್ ಗಾಡಿಗೆ ಅದು ತಾನಾಗಿ ಸಾಧ್ಯವಿಲ್ಲ. ನಿಜವಾದ ತೊಂದರೆ ನೀರಿನದು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿದರೆ ನೀರು-ಎಥನಾಲ್ ಪದರ ಬೇರೆಯಾಗಿ ಟ್ಯಾಂಕಿನ ತಳಕ್ಕಿಳಿಯುತ್ತದೆ, ಪಂಪ್ ಎಳೆಯುವುದೂ ತಳದಿಂದಲೇ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿ ಮಿಸ್ ಹೊಡೆದರೆ ಗಾಜಿನ ಬಾಟಲಿಗೆ ಪೆಟ್ರೋಲ್ ಇಳಿಸಿ ಎರಡು ಪದರ ಕಾಣುತ್ತದೆಯೇ ನೋಡಿ. ಆದರೆ ಎಲ್ಲ ದೋಷವನ್ನೂ ಎಥನಾಲ್ ತಲೆಗೆ ಕಟ್ಟುವುದು ಅನ್ಯಾಯ. ಲಕ್ಷ ಕಿಲೋಮೀಟರ್ ಓಡಿದ ಪ್ಲಗ್ ಯಾವ ಪೆಟ್ರೋಲ್ ಹಾಕಿದರೂ ಸರಿಯಾಗದು.

ಕಿಡಿ, ಗಾಳಿ, ಪೆಟ್ರೋಲ್ ಎಲ್ಲ ಸರಿಯಿದ್ದೂ ಒಂದು ಸಿಲಿಂಡರ್ ಸತ್ತಿದ್ದರೆ ಕಂಪ್ರೆಷನ್ ಗೇಜ್ ಹಾಕಲೇಬೇಕು. ನಾಲ್ಕರಲ್ಲಿ ಅತಿ ಹೆಚ್ಚಿನದಕ್ಕಿಂತ ಒಂದು ಶೇ. 15ಕ್ಕೂ ಹೆಚ್ಚು ಕೆಳಗಿದ್ದರೆ ಸಂಶಯ. ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಅಂಕಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಕೂರುತ್ತಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಕಡಿಮೆಯಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಹೊರಗಿನಿಂದ ಸಿಎನ್‌ಜಿ ಕಿಟ್ ಹಾಕಿಸಿದ ಗಾಡಿಗಳಲ್ಲಿ ವಾಲ್ವ್ ಸೀಟ್ ಬೇಗ ಸವೆದು ಟ್ಯಾಪೆಟ್ ಅಂತರ ಮುಚ್ಚಿಹೋಗುತ್ತದೆ, ವಾಲ್ವ್ ಪೂರ್ತಿ ಮುಚ್ಚದೆ ಬೆಳಗಿನ ಹೊತ್ತು ಮಿಸ್ ಶುರುವಾಗುತ್ತದೆ. ಟ್ಯಾಪೆಟ್ ಸರಿಮಾಡಿಸುವ ಕೆಲಸವನ್ನು ಮುಂದೂಡಿದರೆ ವಾಲ್ವೇ ಸುಡುತ್ತದೆ.

ಗೇಜ್ ಓದುವಾಗ ಊರಿನ ಎತ್ತರವೂ ನೆನಪಿರಲಿ. ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಹಾಕಿದರೆ ಸಮುದ್ರಮಟ್ಟದಲ್ಲಿ ಒಳ್ಳೆಯ ಎಂಜಿನ್ ಪಾದರಸದ ಲೆಕ್ಕದಲ್ಲಿ 18ರಿಂದ 20 ಇಂಚು ತೋರಿಸುತ್ತದೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಇಳಿಯುತ್ತದೆ. ಮಂಗಳೂರಿನಲ್ಲಿ 19 ತೋರಿಸಿದ ಅದೇ ಗಾಡಿ, ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಲ್ಲಿ 16 ತೋರಿಸಿದರೆ ಏನೂ ಕೆಟ್ಟಿಲ್ಲ. ಕಂಪ್ರೆಷನ್ ಅಂಕಿಯೂ ಹೀಗೆಯೇ ಕಡಿಮೆ ಬರುತ್ತದೆ. ಸರ್ವೀಸ್ ಪುಸ್ತಕದ ಅಂಕಿ ಹಿಡಿದು ‘ಎಂಜಿನ್ ಬೋರ್ ಮಾಡಿಸಬೇಕು’ ಎಂದರೆ ಒಪ್ಪಬೇಡಿ. ನಾಲ್ಕು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಎಷ್ಟು ಎಂದು ಕೇಳಿ.

ಗ್ಯಾರೇಜಿನಲ್ಲಿ ಗಾಡಿ ಬಿಡುವಾಗ ಇಷ್ಟು ಮಾಡಿ. ಯಾವಾಗ, ಎಲ್ಲಿ, ಎಷ್ಟು ಬಿಸಿಯಾದಾಗ ಮಿಸ್ ಹೊಡೆಯುತ್ತದೆ ಎಂದು ಚೀಟಿಯಲ್ಲಿ ಬರೆದುಕೊಡಿ. ಕೋಡ್ ಅಳಿಸುವ ಮುನ್ನ ಅದರ ಫೋಟೊ ತೆಗೆದುಕೊಳ್ಳಿ. ಏನಾದರೂ ಬದಲಿಸಬೇಕು ಎಂದರೆ, ಅದೇ ಕೆಟ್ಟಿದೆ ಎಂದು ಯಾವ ಪರೀಕ್ಷೆಯಿಂದ ಗೊತ್ತಾಯಿತು ಎಂದು ಗೌರವದಿಂದಲೇ ಕೇಳಿ, ಹಳೆಯ ಪಾರ್ಟನ್ನು ವಾಪಸ್ ಪಡೆಯಿರಿ. ಅದಲುಬದಲು ಮಾಡಿ ನೋಡಿ, ಟ್ರಿಮ್ ಓದಿ, ಪೈಪ್ ಒತ್ತಿ ದೋಷ ಹಿಡಿದ ಮೆಕ್ಯಾನಿಕ್ ಸಿಕ್ಕರೆ ಅವರ ಸಮಯಕ್ಕೆ ಕೇಳಿದಷ್ಟು ಕೊಡಿ, ಚೌಕಾಸಿ ಬೇಡ. ಬಿಲ್ಲಿನಲ್ಲಿ ಒಂದೂ ಪಾರ್ಟ್ ಇಲ್ಲದಿದ್ದರೂ ಸರಿ, ಆ ದುಡ್ಡು ಕೊಡಿ.